ಎರಡು ಕೊಳವೆಯೋ, ಮೂರು ಕೊಳವೆಯೋ?

ಜುಲೈ ತಿಂಗಳ ಶನಿವಾರ, ಬೆಳಗಿನ ಹತ್ತೂವರೆ. ಅಮೆರಿಕದ ಮಿನೆಸೋಟ ರಾಜ್ಯದ ಒಂದು ಸರೋವರದ ದಡ. ಮರದ ಹಲಗೆಯ ಡಾಕ್‌ಗೆ ಕಟ್ಟಿದ ಚಪ್ಪಟೆ ದೋಣಿಗೆ ಸಾಮಾನು ಏರುತ್ತಿದೆ. ಐಸು ತುಂಬಿದ ಕೂಲರ್, ಇಡೀ ಕಲ್ಲಂಗಡಿ, ಟವೆಲ್ಲುಗಳ ಗಂಟು, ಚಿತ್ರಾನ್ನದ ಡಬ್ಬಿ, ಮೊಸರನ್ನದ್ದು ಬೇರೆ. ಲೈಫ್‌ಜಾಕೆಟ್ಟಿನೊಳಗೆ ಉಬ್ಬಿ ನಿಂತ ಮಕ್ಕಳು ‘ಇನ್ನೂ ಎಷ್ಟೊತ್ತು’ ಎಂದು ಪೀಡಿಸುತ್ತಿದ್ದಾರೆ. ಬೇಸಿಗೆ ಕಳೆಯಲು ಊರಿಂದ ಬಂದ ಅಜ್ಜಿ ಸೀರೆಯ ನೆರಿಗೆ ಎತ್ತಿ ಹಿಡಿದು ಡಾಕ್‌ನ ಅಂಚಿನಲ್ಲಿ ಅನುಮಾನಿಸುತ್ತಾರೆ. ‘ಅಲ್ಲಾಡುತ್ತೇನೋ?’ ‘ಇಲ್ಲಮ್ಮ, ಕಾಲಿಡು, ನಾನು ಹಿಡ್ಕೊಂಡಿದೀನಿ.’ ಇಡುತ್ತಾರೆ. ದೋಣಿ ಹೇಳಿಕೊಳ್ಳುವಷ್ಟು ಅಲ್ಲಾಡುವುದಿಲ್ಲ. ಸೋಫಾದಂಥ ಸೀಟಿನಲ್ಲಿ ಕೂತು, ಸುತ್ತಲಿನ ಕಟಕಟೆಯನ್ನೊಮ್ಮೆ ಮುಟ್ಟಿ ನೋಡಿ, ಆಮೇಲೆ ನಗುತ್ತಾರೆ.

ಅಲ್ಲಿ ಬೇಸಿಗೆ ಬಂತೆಂದರೆ ಕರ್ನಾಟಕದ ಎಷ್ಟೋ ಮನೆಗಳ ವಾಟ್ಸ್‌ಆ್ಯಪ್‌ಗೆ ಅಲ್ಲಿರುವ ನಮ್ಮವರಿಂದ ಇಂಥ ಫೋಟೊ ಬಂದು ಬೀಳುತ್ತದೆ. ದೋಣಿ ಎಂದರೆ ನಮಗೆ ಹರಿಗೋಲೋ ನಾಡದೋಣಿಯೋ. ಈ ಚಪ್ಪಟೆ ವಸ್ತು ಮಾತ್ರ ಯಾರದೋ ಮನೆಯ ಜಗಲಿಗೆ ಕಟಕಟೆ ಹಾಕಿ ನೀರಿಗೆ ಬಿಟ್ಟ ಹಾಗೆ ಕಾಣುತ್ತದೆ. ಇದರ ಹೆಸರು ಪಾಂಟೂನ್ ದೋಣಿ. ಉತ್ತರ ಅಮೆರಿಕದ ಸಿಹಿನೀರಿನ ಸರೋವರಗಳಲ್ಲಿ ಮನೆಮಂದಿಯೆಲ್ಲ ಸೇರಿ ಹೊರಡುವ ವಿಹಾರಕ್ಕೆ ಹೆಚ್ಚಿನವರು ಹತ್ತುವುದು ಇದನ್ನೇ.

ಒಂದೆರಡು ಬೇಸಿಗೆ ಬಾಡಿಗೆಗೆ ಪಡೆದು ಓಡಿಸಿದ ಮೇಲೆ ‘ಸ್ವಂತದ್ದೇ ಒಂದು ಇದ್ದರೆ’ ಎಂಬ ಮಾತು ಮನೆಯಲ್ಲಿ ಬರುತ್ತದೆ. ಅಂಗಡಿಗೆ ಹೋದವರು ಹತ್ತಾರು ಮಾದರಿ ನೋಡಿ, ತಲೆ ಕೆಟ್ಟು, ಕೊನೆಗೆ ಎರಡರ ಮುಂದೆ ನಿಲ್ಲುತ್ತಾರೆ. ಒಂದು, ಎರಡು ಕೊಳವೆಯ ಮೇಲೆ ತೇಲುವ 20 ಅಡಿಯ ದೋಣಿ, ಹಿಂದೆ 90 ಎಚ್‌ಪಿ ಎಂಜಿನ್ನು. ಇನ್ನೊಂದು, ಮೂರು ಕೊಳವೆಯ 23 ಅಡಿಯದು, 150 ಎಚ್‌ಪಿ. ಇದನ್ನು ಅಲ್ಲಿಯವರು ಟ್ರೈಟೂನ್ ಎನ್ನುತ್ತಾರೆ. ಮೇಲಿನಿಂದ ನೋಡಿದರೆ ಅದೇ ಸೋಫಾ, ಅದೇ ನೆರಳಿನ ಮಡಿಚು ಚಪ್ಪರ, ಅದೇ ಲೋಟ ಇಡುವ ಗುಂಡಿ. ಬೆಲೆಯಲ್ಲಿ ಮಾತ್ರ ಒಂದು ಕಾರಿನಷ್ಟು ವ್ಯತ್ಯಾಸ. ಆ ಹಣ ಹೋಗುವುದು ನೀರಿನ ಕೆಳಗೆ, ಕಣ್ಣಿಗೆ ಕಾಣದ ಜಾಗಕ್ಕೆ. ಅದು ಎಲ್ಲರಿಗೂ ಬೇಕೇ?

ರೈತನೊಬ್ಬನ ಡ್ರಮ್ಮುಗಳು

ಈ ದೋಣಿ ಹುಟ್ಟಿದ್ದೂ ಮಿನೆಸೋಟದಲ್ಲೇ. ಅಲ್ಲಿನ ರಿಚ್ಮಂಡ್ ಎಂಬ ಸಣ್ಣ ಊರಿನ ರೈತ ಆ್ಯಂಬ್ರೋಸ್ ವೀರಸ್ 1951ರಲ್ಲಿ ಉಕ್ಕಿನ ಡ್ರಮ್ಮುಗಳನ್ನು ಒಂದರ ತುದಿಗೊಂದು ಬೆಸೆದು ಎರಡು ಸಾಲು ಮಾಡಿದ. ಮೇಲೆ ಮರದ ಅಟ್ಟ ಕೂರಿಸಿದ. ಊರ ಬಳಿಯ ಹಾರ್ಸ್‌ಶೂ ಸರೋವರಕ್ಕೆ ತಳ್ಳಿ ನೋಡಿದ. ತೇಲಿತು. ಅದಕ್ಕಿಂತ ಮುಖ್ಯವಾಗಿ, ಜನ ಅದರ ಮೇಲೆ ಓಡಾಡಿದರೂ ವಾಲಲಿಲ್ಲ. ನೋಡಿದವರು ತಮಗೂ ಒಂದು ಬೇಕು ಎಂದರು. ಮರುವರ್ಷವೇ ವೀರಸ್ ಕಂಪನಿ ಶುರುವಾಯಿತು.

ಕಾಲಕ್ರಮದಲ್ಲಿ ಉಕ್ಕು ಹೋಗಿ ಹಗುರವಾದ, ತುಕ್ಕು ಹಿಡಿಯದ ಅಲ್ಯೂಮಿನಿಯಂ ಬಂತು. ಇಂದು ಈ ಉದ್ಯಮದ ದೊಡ್ಡ ಕೇಂದ್ರ ಇಂಡಿಯಾನ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ. ರಸ್ತೆಯ ಮೇಲೆ ಓಡುವ ಮನೆಗಳನ್ನು ಕಟ್ಟುವ ಊರು ಎಂದೇ ಅದಕ್ಕೆ ಹೆಸರು. ಅದೇ ಕೈಗಳು ನೀರಿನ ಮೇಲಿನದನ್ನೂ ಕಟ್ಟುತ್ತವೆ. ಅಲ್ಲಿನ ಬೆನ್ನಿಂಗ್ಟನ್ ದೋಣಿಗಳ ಮಾತೃಸಂಸ್ಥೆಯನ್ನು 2018ರಲ್ಲಿ ಪೊಲಾರಿಸ್ ಕಂಪನಿ ಸುಮಾರು 80 ಕೋಟಿ ಡಾಲರಿಗೆ ಕೊಂಡಿತು. ಹಿಮದ ಮೇಲೆ ಓಡುವ ಬಂಡಿಗಳಿಂದ ಹೆಸರು ಮಾಡಿದ ಪೊಲಾರಿಸ್ ಮಿನೆಸೋಟದ್ದು. ಡ್ರಮ್ಮಿನ ತೆಪ್ಪದ ಆಟ ಎಷ್ಟು ದೊಡ್ಡ ವ್ಯಾಪಾರವಾಗಿದೆ ಎಂಬುದಕ್ಕೆ ಇಷ್ಟು ಸಾಕು.

ತೇಲುವ ಲೆಕ್ಕ

ಕುಂಭಮೇಳದಲ್ಲಿ ಗಂಗೆಯ ಮೇಲೆ ದಪ್ಪ ಪೀಪಾಯಿಗಳನ್ನು ಸಾಲಾಗಿ ಬಿಟ್ಟು ತಾತ್ಕಾಲಿಕ ಸೇತುವೆ ಹಾಸುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. ತತ್ವ ಅದೇ. ಒಳಗೆ ಗಾಳಿ ತುಂಬಿದ, ಬಾಯಿ ಮುಚ್ಚಿದ ಕೊಳವೆ ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೋ ಅಷ್ಟು ತೂಕವನ್ನು ಹೊರುತ್ತದೆ. ಹೈಸ್ಕೂಲಿನಲ್ಲಿ ಕಲಿತ ಆರ್ಕಿಮಿಡೀಸ್ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತಾನೆ.

20 ಅಡಿ ಉದ್ದ, 23 ಇಂಚು ವ್ಯಾಸದ ಒಂದು ಕೊಳವೆ ತೆಗೆದುಕೊಳ್ಳಿ. ಮೂತಿಯ ಮೊನಚನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಪೂರ್ತಿ ಮುಳುಗಿದಾಗ ಅದು ಸುಮಾರು 1,600 ಕೆ.ಜಿ. ನೀರನ್ನು ಸರಿಸುತ್ತದೆ. ಎರಡು ಕೊಳವೆ ಸೇರಿ 3,200. ಆದರೆ ಕೊಳವೆ ಪೂರ್ತಿ ಮುಳುಗುವ ಮಟ್ಟಿಗೆ ಯಾರೂ ಭಾರ ಹೇರುವುದಿಲ್ಲ. ಅರ್ಧ ನೀರಿನ ಮೇಲೆ ಇದ್ದರೆ ದೋಣಿ ಆರಾಮವಾಗಿದೆ ಎಂದು ಅರ್ಥ. ಅಂದರೆ ನಿಮ್ಮ ಕೈಲಿರುವ ಲೆಕ್ಕ 1,600 ಕೆ.ಜಿ. ದೋಣಿ, ಎಂಜಿನ್ನು ಸೇರಿ 950 ಕೆ.ಜಿ. ಆಸುಪಾಸು. ಪೆಟ್ರೋಲು, ಲಂಗರು, ಬ್ಯಾಟರಿ, ಕೂಲರ್ ಎಂದು ಇನ್ನೊಂದು ನೂರು. ಒಂಬತ್ತು ಜನ ಹತ್ತಿದರೆ ಉಳಿದದ್ದೂ ಖರ್ಚಾಯಿತು.

ಈಗ ಕೊಳವೆಯ ವ್ಯಾಸವನ್ನು 23ರಿಂದ 25 ಇಂಚಿಗೆ ಏರಿಸಿ. ಎರಡೇ ಇಂಚು, ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಆದರೆ ತೇಲುವ ಶಕ್ತಿ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಶೇ 18ರಷ್ಟು ಹೆಚ್ಚುತ್ತದೆ. ಅರ್ಧ ಮುಳುಗಿದ ಲೆಕ್ಕದಲ್ಲಿ 300 ಕೆ.ಜಿ.ಗೆ ಹತ್ತಿರ, ಅಂದರೆ ನಾಲ್ಕು ದೊಡ್ಡವರ ತೂಕ. ಹಾಗಾಗಿ ಸೋಫಾದ ಬಣ್ಣ ಕೇಳುವ ಮುಂಚೆ ಮಂಡಿಯೂರಿ ಕೆಳಗೆ ಬಗ್ಗಿ ‘ಕೊಳವೆ ಎಷ್ಟು ಇಂಚು?’ ಎಂದು ಕೇಳಬೇಕು. ನನ್ನ ಮಟ್ಟಿಗೆ ಇಡೀ ಖರೀದಿಯ ಅತಿ ಬೆಲೆಬಾಳುವ ಪ್ರಶ್ನೆ ಇದು.

ಪ್ರತಿ ಕೊಳವೆಯ ಒಳಗೆ ಅಡ್ಡಗೋಡೆಗಳಿದ್ದು ಕೋಣೆ ಕೋಣೆಯಾಗಿ ಭಾಗವಾಗಿರುತ್ತದೆ. ಬಂಡೆ ತಾಗಿ ಒಂದು ಕಡೆ ಸೀಳಿದರೂ ನೀರು ತುಂಬುವುದು ಆ ಒಂದು ಕೋಣೆಗೆ ಮಾತ್ರ. ಅಜ್ಜಿಗೆ ಈ ವಿಷಯ ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ಮೂರನೆಯದು ಮಾಡುವ ಕೆಲಸ

ಮಧ್ಯೆ ಇನ್ನೊಂದು ಕೊಳವೆ ಸೇರಿದಾಗ ತೇಲುವ ಶಕ್ತಿ ಹೆಚ್ಚುತ್ತದೆ ಎಂಬುದು ಸರಿ. ಆದರೆ ಅದಕ್ಕಿಂತ ಹೆಚ್ಚಾಗಿ ಬದಲಾಗುವುದು ದೋಣಿಯ ನಡಿಗೆ.

ಎರಡು ಕೊಳವೆಯ ದೋಣಿ ನೀರನ್ನು ತಳ್ಳಿಕೊಂಡು ಹೋಗುತ್ತದೆ. ಎಷ್ಟೇ ಎಂಜಿನ್ ಹಾಕಿದರೂ ಒಂದು ಹಂತದ ಮೇಲೆ ನೀರು ಬಿಟ್ಟುಕೊಡುವುದಿಲ್ಲ. ಮೂರು ಕೊಳವೆಯದರಲ್ಲಿ ಕೊಳವೆಗಳ ಪಕ್ಕಕ್ಕೆ ರೆಕ್ಕೆಯಂಥ ಪಟ್ಟಿಗಳನ್ನು ಬೆಸೆದಿರುತ್ತಾರೆ. ವೇಗ ಏರಿದಂತೆ ನೀರು ಆ ಪಟ್ಟಿಗಳನ್ನು ಕೆಳಗಿನಿಂದ ಒತ್ತಿ ದೋಣಿಯನ್ನು ಮೇಲೆತ್ತುತ್ತದೆ. ಆಗ ಅದು ನೀರಿನೊಳಗೆ ಸಾಗುವುದನ್ನು ಬಿಟ್ಟು ನೀರಿನ ಮೇಲೆ ಜಾರತೊಡಗುತ್ತದೆ. 90 ಎಚ್‌ಪಿಯ ಸಣ್ಣ ದೋಣಿ ಹಗುರ ಭಾರದಲ್ಲಿ ಗಂಟೆಗೆ 40 ಕಿ.ಮೀ. ಮುಟ್ಟಿದರೆ, 150 ಎಚ್‌ಪಿಯ ಟ್ರೈಟೂನ್ 55ರ ಹತ್ತಿರ ಹೋಗುತ್ತದೆ.

ತಿರುವಿನಲ್ಲೂ ವ್ಯತ್ಯಾಸವಿದೆ. ಎರಡು ಕೊಳವೆಯದು ಜೋರಾಗಿ ತಿರುಗಿದರೆ ಹೊರಮಗ್ಗುಲಿಗೆ ವಾಲುತ್ತದೆ. ಕೂತವರು ಒಂದು ಕಡೆಗೆ ಸರಿಯುತ್ತಾರೆ. ನಡುವಿನ ಕೊಳವೆ ಸ್ವಲ್ಪ ಕೆಳಗಿರುವ ಟ್ರೈಟೂನ್ ಒಳಮಗ್ಗುಲಿಗೆ ವಾಲಿ ಬೈಕಿನಂತೆ ತಿರುಗುತ್ತದೆ. ಓಡಿಸುವವರಿಗೆ ಇದು ಮಜಾ.

ಇಷ್ಟು ಕೇಳಿದರೆ ಮೂರೇ ಇರಲಿ ಎನ್ನಿಸುವುದು ಸಹಜ. ಅಂಗಡಿಯವನೂ ಇಲ್ಲಿಗೇ ಮಾತು ನಿಲ್ಲಿಸುತ್ತಾನೆ. ಆದರೆ ಒಂದು ಮಧ್ಯಾಹ್ನದ ಲೆಕ್ಕ ಹಾಕಿ. ಹನ್ನೊಂದಕ್ಕೆ ಹೊರಟು ನಾಲ್ಕಕ್ಕೆ ಮರಳುವ ಕುಟುಂಬ ವೇಗವಾಗಿ ಓಡುವುದು ಎಷ್ಟು ಹೊತ್ತು? ಒಂದು ಖಾರಿಯವರೆಗೆ ಹೋಗಿ ಲಂಗರು ಇಳಿಸಿದರೆ ಆಮೇಲೆ ಈಜು, ಊಟ, ಅಂತ್ಯಾಕ್ಷರಿ, ನೆರಳಿನಲ್ಲೊಂದು ಸಣ್ಣ ನಿದ್ದೆ. ಲಂಗರು ಹಾಕಿ ನಿಂತ ದೋಣಿಗೆ ಕೊಳವೆ ಎರಡಾದರೇನು, ಮೂರಾದರೇನು? ಬಹಳ ಕುಟುಂಬಗಳು ಇಡೀ ದಿನದ ಹತ್ತು ನಿಮಿಷದ ವೇಗಕ್ಕಾಗಿ ದೋಣಿ ಕೊಳ್ಳುತ್ತವೆ ಎಂಬುದು ನನ್ನ ಅನುಮಾನ.

ಹತ್ತು ನಿಮಿಷವೇ ಮುಖ್ಯವಾಗುವ ಮನೆಗಳೂ ಇವೆ. ಹದಿಹರೆಯದ ಮಕ್ಕಳಿದ್ದರೆ ದೋಣಿಯ ಹಿಂದೆ ಹಗ್ಗ ಕಟ್ಟಿ, ಗಾಳಿ ತುಂಬಿದ ರಬ್ಬರಿನ ಮೇಲೆ ಅವರನ್ನು ಎಳೆಯದೆ ಗತಿಯಿಲ್ಲ. ಟ್ಯೂಬಿಂಗ್ ಎಂದರೆ ಅದೇ. ಚಿಕ್ಕವರಿಗೆ ಗಂಟೆಗೆ 20 ಕಿ.ಮೀ. ಸಾಕು; ಅದನ್ನು ಸಣ್ಣ ದೋಣಿಯೂ ಮಾಡುತ್ತದೆ. ದೊಡ್ಡ ಹುಡುಗರು ಇಬ್ಬರು ರಬ್ಬರಿನ ಮೇಲೆ, ಎಂಟು ಜನ ದೋಣಿಯೊಳಗೆ ಎಂದಾಗ 90 ಎಚ್‌ಪಿ ಏದುಸಿರು ಬಿಡುತ್ತದೆ. ಇನ್ನು ನೀರಿನ ಮೇಲೆ ಸ್ಕೀಯಿಂಗ್ ಮಾಡುವ ಆಸೆಯಿದ್ದರೆ ಚರ್ಚೆಯೇ ಬೇಡ, ಮೂರು ಕೊಳವೆಯೇ ಸರಿ.

ಮೂತಿ ಮುಳುಗುವ ಗಳಿಗೆ

ಪಾಂಟೂನ್ ಮಗುಚುವುದು ಅಪರೂಪ. ಅದರ ದೌರ್ಬಲ್ಯ ಇರುವುದು ಮುಂಭಾಗದಲ್ಲಿ.

ಎಲ್ಲರೂ ನೋಟ ಚೆನ್ನಾಗಿದೆ ಎಂದು ಮುಂದಿನ ಸೀಟಿಗೆ ಬಂದು ಕೂತಿದ್ದಾರೆ ಎನ್ನಿ. ಎದುರಿಗೆ ದೊಡ್ಡ ಅಲೆ. ಹೊಸ ಚಾಲಕ ಗಾಬರಿಯಲ್ಲಿ ಎಂಜಿನ್ನನ್ನು ಥಟ್ಟನೆ ತಗ್ಗಿಸುತ್ತಾನೆ. ಓಡುವಾಗ ಎತ್ತಿಕೊಂಡಿದ್ದ ಮೂತಿ ಆ ಕ್ಷಣ ಕುಸಿಯುತ್ತದೆ, ಅಲೆಯ ಕೆಳಗೆ ನುಗ್ಗುತ್ತದೆ, ಡೆಕ್ಕಿನ ಮೇಲೆ ಮೊಣಕಾಲುದ್ದ ನೀರು ಹರಿದು ಬರುತ್ತದೆ. ಊಟದ ಡಬ್ಬಿ, ಚಪ್ಪಲಿ, ಕೆಲವೊಮ್ಮೆ ಮಕ್ಕಳು ಕೂಡ ಹಿಂದಕ್ಕೆ ಕೊಚ್ಚಿಕೊಂಡು ಬರುತ್ತಾರೆ.

ಅನುಭವಿಗಳು ಮಾಡುವುದೇ ಬೇರೆ. ಅಲೆ ದೂರವಿದ್ದಾಗಲೇ ಮೆಲ್ಲಗೆ ವೇಗ ಇಳಿಸಿ, ಮುಂದಿನವರನ್ನು ಹಿಂದೆ ಕರೆದು, ಅಲೆಗೆ ನೇರ ಎದುರಾಗದೆ ಓರೆಯಾಗಿ ದಾಟುತ್ತಾರೆ. ಮೂತಿ ಎತ್ತಿ ಹಿಡಿಯುವಷ್ಟು ಎಂಜಿನ್ನಿನ ಒತ್ತು ಉಳಿಸಿಕೊಳ್ಳುತ್ತಾರೆ. ಮೂರು ಕೊಳವೆಯದಕ್ಕೆ ಮುಂಭಾಗದಲ್ಲೂ ಆಸರೆ ಹೆಚ್ಚಿರುವುದರಿಂದ ಇಂಥ ತಪ್ಪನ್ನು ಅದು ಸ್ವಲ್ಪ ಹೆಚ್ಚು ಕ್ಷಮಿಸುತ್ತದೆ. ಹಣಕ್ಕೆ ತಕ್ಕ ಪ್ರತಿಫಲ ಸಿಗುವ ಜಾಗ ಇದೇ ಎಂದು ನನಗೆ ಅನ್ನಿಸುತ್ತದೆ. ವೇಗ ಆಮೇಲಿನ ಮಾತು.

ಅಲೆ ಎಬ್ಬಿಸುವುದು ಗಾಳಿ ಮಾತ್ರವಲ್ಲ. ಹಿಂಬದಿಯಲ್ಲಿ ನೀರು ತುಂಬಿಕೊಂಡು ಬೇಕೆಂದೇ ದೊಡ್ಡ ಅಲೆ ಎಬ್ಬಿಸಿ, ಅದರ ಮೇಲೆ ಹಲಗೆಯಲ್ಲಿ ನಿಂತು ಜಾರುವ ಆಟದ ದೋಣಿಗಳು ಈಗ ಎಲ್ಲೆಡೆ ಹೆಚ್ಚಿವೆ. ಇವುಗಳ ಅಲೆ ದಡ ಕೊರೆಯುತ್ತದೆ ಎಂದು ಸರೋವರದ ಮನೆಯವರದು ತಕರಾರು. ಮಿನೆಸೋಟ ವಿಶ್ವವಿದ್ಯಾಲಯದ ಸೇಂಟ್ ಆ್ಯಂಟನಿ ಫಾಲ್ಸ್ ಪ್ರಯೋಗಾಲಯ ಅಳೆದು ನೋಡಿ, ಇಂಥ ದೋಣಿ ದಡದಿಂದ ಕನಿಷ್ಠ 500 ಅಡಿ ದೂರ ಇರಬೇಕೆಂದು 2022ರಲ್ಲಿ ಸಲಹೆ ಕೊಟ್ಟಿತು. ಸಣ್ಣ ಸರೋವರದ ಮಧ್ಯದಲ್ಲಿ ನಿಮ್ಮ ಪಾಂಟೂನ್ ನಿಂತಿದ್ದು, ಅಂಥ ಎರಡು ದೋಣಿ ಸುತ್ತು ಹಾಕುತ್ತಿದ್ದರೆ, ಗಾಳಿಯಿಲ್ಲದ ದಿನವೂ ಕಾಫಿ ಲೋಟ ನಿಲ್ಲುವುದಿಲ್ಲ.

ನೀರು ಯಾವುದು?

ಮಿನೆಸೋಟಕ್ಕೆ ‘ಹತ್ತು ಸಾವಿರ ಸರೋವರಗಳ ನಾಡು’ ಎಂದು ಹೆಸರು. ಅದು ವಿನಯದ ಮಾತು. 10 ಎಕರೆಗಿಂತ ದೊಡ್ಡವನ್ನು ಎಣಿಸಿದರೇ 11,842 ಇವೆ. ದೋಣಿಯ ಆಯ್ಕೆ ನಿರ್ಧಾರವಾಗುವುದು ಇವುಗಳಲ್ಲಿ ಯಾವುದಕ್ಕೆ ಹೋಗುತ್ತೀರಿ ಎಂಬುದರ ಮೇಲೆ.

ಮಿಲ್ ಲ್ಯಾಕ್ಸ್ ಎಂಬ ಸರೋವರವನ್ನು ನೋಡಿ. 1,32,000 ಎಕರೆ, ಆಚೆ ದಡ ಕಾಣದು. ಆದರೆ ಅತಿ ಆಳದ ಜಾಗದಲ್ಲೂ 42 ಅಡಿಯಷ್ಟೇ. ಅಗಲ ಹೆಚ್ಚು, ಆಳ ಕಡಿಮೆ ಇರುವ ನೀರಿನ ಮೇಲೆ ಗಾಳಿ ಬಿದ್ದರೆ ಅಲೆಗಳು ಬೇಗ ಏಳುತ್ತವೆ, ಒತ್ತೊತ್ತಾಗಿ, ಕಡಿದಾಗಿ ಬರುತ್ತವೆ. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನ ಹೆದರಿಸುತ್ತದೆ. ಅಲ್ಲಿಗೆ ಸಣ್ಣ ಎರಡು ಕೊಳವೆಯ ದೋಣಿಯಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು ದೂರ ಹೋಗುವುದು ಜಾಣತನವಲ್ಲ.

ಮಿನಿಯಾಪೊಲಿಸ್ ನಗರದ ಪಶ್ಚಿಮಕ್ಕಿರುವ ಮಿನೆಟೊಂಕ ಸರೋವರದ ಕಥೆ ಬೇರೆ. ಸುಮಾರು 14,500 ಎಕರೆಯ ಅದು ಒಂದೇ ಬಯಲಿನಂತಿಲ್ಲ. ಖಾರಿ, ಕಾಲುವೆ, ಮೂಲೆಗಳಾಗಿ ಹರಡಿಕೊಂಡಿದೆ. ಗಾಳಿ ಯಾವ ಕಡೆಯಿಂದ ಬೀಸಿದರೂ ಅವಿತುಕೊಳ್ಳಲು ಒಂದು ಮೂಲೆ ಸಿಗುತ್ತದೆ. ಆದರೆ ವಾರಾಂತ್ಯದಲ್ಲಿ ದೋಣಿಗಳ ಜಾತ್ರೆ. ಅಡ್ಡಾದಿಡ್ಡಿ ಅಲೆ. ಇಲ್ಲಿ ಎರಡೂ ನಡೆಯುತ್ತವೆ, ದಪ್ಪ ಕೊಳವೆಯದಾಗಿದ್ದರೆ.

ಉಳಿದ ಸಾವಿರಾರು ಸಣ್ಣ ಸರೋವರಗಳಲ್ಲಿ, ಮೀನು ಹಿಡಿಯುತ್ತ ಮೆಲ್ಲಗೆ ಒಂದು ಸುತ್ತು ಬರುವುದೇ ವಿಹಾರ ಎನ್ನುವಲ್ಲಿ, ಮೂರನೇ ಕೊಳವೆ ಸುಮ್ಮನೆ ಹೊತ್ತು ತಿರುಗುವ ಹೊರೆ. ಟೆಕ್ಸಸ್‌ನ ಆಸ್ಟಿನ್‌ನಲ್ಲಿರುವ ನಮ್ಮವರು ಹೋಗುವ ಟ್ರಾವಿಸ್ ಸರೋವರ ಕೊಲೊರಾಡೊ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು. ಮಳೆ ಕೈಕೊಟ್ಟ ವರ್ಷ ಅಲ್ಲಿ ದೋಣಿ ಇಳಿಸುವ ಇಳಿಜಾರುಗಳೇ ನೀರಿನಿಂದ ದೂರ ಉಳಿದು ಮುಚ್ಚುತ್ತವೆ. ಅಂಥ ಕಡೆ ಕೊಳವೆಗಿಂತ ಮೊದಲು ಕೇಳಬೇಕಾದ್ದು ನೀರು ಇರುತ್ತದೆಯೇ ಎಂದು.

ಕೂತು ನೋಡಿದರೆ ತಿಳಿಯುವುದು

ದೋಣಿ ಮಳಿಗೆಯಲ್ಲಿ ಗಂಡಸರು ಎಂಜಿನ್ ಸುತ್ತ ನಿಲ್ಲುತ್ತಾರೆ. ಅಷ್ಟರಲ್ಲಿ ಮನೆಯ ಉಳಿದವರು ಒಳಗೆ ಹೋಗಿ ಕೂತರೆ ಹೆಚ್ಚು ವಿಷಯ ಗೊತ್ತಾಗುತ್ತದೆ.

ಗೇಟು ಎಷ್ಟು ಅಗಲ? ಮಂಡಿನೋವಿನವರು ಕೋಲು ಹಿಡಿದು ನೇರ ಒಳಬರಬಹುದೇ, ಇಲ್ಲ ಮಗ್ಗುಲಾಗಬೇಕೇ? ಡಾಕ್‌ನ ಹಲಗೆಗೂ ದೋಣಿಯ ನೆಲಕ್ಕೂ ಮಟ್ಟ ಸರಿಹೋಗುತ್ತದೆಯೇ? ಟ್ರೈಟೂನ್ ಕೆಲವೊಮ್ಮೆ ನೀರಿನಿಂದ ಎತ್ತರಕ್ಕೆ ನಿಲ್ಲುವುದರಿಂದ ಒಂದು ಮೆಟ್ಟಿಲಿನಷ್ಟು ವ್ಯತ್ಯಾಸ ಬರುತ್ತದೆ. ಅಪ್ಪನಿಗೆ ಎಪ್ಪತ್ತೈದಾಗಿದ್ದರೆ ಆ ಒಂದು ಮೆಟ್ಟಿಲು ಸಣ್ಣದಲ್ಲ.

ಹಿಂಬದಿಯ ಏಣಿ ನೋಡಿ. ಈಜಿ ಸುಸ್ತಾದವರು ನೀರಿನಿಂದ ಮೇಲೆ ಬರುವುದು ಅದರಲ್ಲೇ. ಎರಡು ಮೆಟ್ಟಿಲಿನ ಸಪೂರ ಏಣಿಯಲ್ಲಿ ದೊಡ್ಡವರಿಗೆ ಕಾಲೂರುವುದು ಕಷ್ಟ. ನಾಲ್ಕು ಮೆಟ್ಟಿಲಿನ, ಅಗಲ ಹಲಗೆಯದು ಬೇಕು. ಸಣ್ಣ ದೋಣಿಗೆ ಒಳ್ಳೆಯ ಏಣಿ ಹಾಕಿಸಿಕೊಳ್ಳುವುದು ದೊಡ್ಡ ಖರ್ಚಲ್ಲ.

ನೆಲಕ್ಕೆ ಹಿಂದೆಲ್ಲ ಕಾರ್ಪೆಟ್ ಹಾಸುತ್ತಿದ್ದರು. ಒದ್ದೆಯಾದರೆ ಒಣಗುವುದಿಲ್ಲ, ಬೂಷ್ಟಿನ ವಾಸನೆ ಬರುತ್ತದೆ. ಚಿತ್ರಾನ್ನ ಚೆಲ್ಲಿ ಅರಿಸಿನ ಹತ್ತಿತೆಂದರೆ ಕಥೆ ಮುಗಿಯಿತು. ಈಗ ವಿನೈಲ್ ನೆಲ ಸಾಮಾನ್ಯ. ಒಂದು ಬಕೆಟ್ ನೀರು ಹುಯ್ದರೆ ಚೊಕ್ಕಟ. ಬಿಸಿಲಿಗೆ ಕಾಯುತ್ತದೆ ಎಂಬುದೊಂದೇ ದೂರು. ಸೀಟಿನ ಮೆತ್ತೆ ಎತ್ತಿ ಕೆಳಗಿನ ಪೆಟ್ಟಿಗೆ ಪ್ಲಾಸ್ಟಿಕ್ಕಿನದೋ ಪ್ಲೈವುಡ್ಡಿನದೋ ಎಂದೂ ನೋಡಿ. ಪ್ಲೈವುಡ್ ಕೊಳೆಯುತ್ತದೆ.

ನೆರಳು ಎಷ್ಟಿದೆ? ಜಾಹೀರಾತಿನ ಫೋಟೊಗಳಲ್ಲಿ ಎಲ್ಲರೂ ಬಿಸಿಲು ಕಾಯಿಸುತ್ತಿರುತ್ತಾರೆ. ನಮ್ಮ ಮನೆಗಳ ಹಿರಿಯರು ಹಾಗಲ್ಲ. ಹತ್ತೂ ಜನ ಒಂದೇ ಚಪ್ಪರದ ಕೆಳಗೆ ಒತ್ತಿಕೊಳ್ಳುತ್ತಾರೆ. ಆಗ ಭಾರವೆಲ್ಲ ಒಂದೇ ಕಡೆ. 20 ಅಡಿಯ ದೋಣಿಗೆ ಇನ್ನೊಂದು ಚಪ್ಪರ ಸೇರಿಸಿದರೆ ಅದೇ ದೋಣಿ ಇಮ್ಮಡಿ ಉಪಯೋಗಕ್ಕೆ ಬರುತ್ತದೆ. ಚಪ್ಪರಕ್ಕೆ ಗಾಳಿ ಹಿಡಿಯುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಕಟಕಟೆಯ ತಗಡು, ಮೇಲೆ ಬಟ್ಟೆ, ಕೆಳಗೆ ಆಳವಿಲ್ಲದ ಕೊಳವೆ: ಡಾಕ್‌ಗೆ ತರುವಾಗ ಅಡ್ಡಗಾಳಿ ಬೀಸಿದರೆ ದೋಣಿ ತನ್ನಿಷ್ಟದಂತೆ ಸರಿಯುತ್ತದೆ. 23 ಅಡಿಯದು ಇನ್ನೂ ಹೆಚ್ಚು ಸರಿಯುತ್ತದೆ.

ಬಾಯಿಬಿಟ್ಟು ಯಾರೂ ಕೇಳದ ಸಂಗತಿ ಶೌಚದ್ದು. ಐದು ಗಂಟೆ ನೀರಿನ ಮೇಲಿದ್ದರೆ ಹೆಂಗಸರಿಗೆ, ಸಕ್ಕರೆ ಕಾಯಿಲೆಯವರಿಗೆ ಇದು ನಿಜವಾದ ಪ್ರಶ್ನೆ. ಕೆಲವು ಮಾದರಿಗಳಲ್ಲಿ ಎತ್ತಿ ನಿಲ್ಲಿಸುವ ಪರದೆಯ ಕೋಣೆ ಇದೆ; ಒಳಗೆ ಕೈಯಲ್ಲಿ ಹೊತ್ತೊಯ್ಯುವ ಸಣ್ಣ ಕಮೋಡ್ ಇಡಬಹುದು. ಬಟ್ಟೆ ಬದಲಿಸಲಿಕ್ಕೂ ಅದೇ. ಇದಿಲ್ಲದ ದೋಣಿಯಲ್ಲಿ ಅತ್ತೆ ಬೆಳಗಿನಿಂದ ನೀರೇ ಕುಡಿಯದೆ ಕೂತಿರುತ್ತಾರೆ, ಕಾರಣ ಹೇಳುವುದಿಲ್ಲ.

ಬೆಲೆಚೀಟಿಯ ಆಚೆ

ಹೊಸ ಎರಡು ಕೊಳವೆಯ ಸಾಧಾರಣ ದೋಣಿ ಎಂಜಿನ್ ಸಮೇತ 25ರಿಂದ 40 ಸಾವಿರ ಡಾಲರ್ ಆಸುಪಾಸಿನಲ್ಲಿ ಸಿಗುತ್ತದೆ. ಟ್ರೈಟೂನ್ 60 ಸಾವಿರ ದಾಟುವುದು ಮಾಮೂಲು. ಲಕ್ಷ ಮುಟ್ಟುವವೂ ಇವೆ.

ಆಮೇಲಿನದನ್ನು ಜನ ಕೊಂಡ ನಂತರ ಕಂಡುಕೊಳ್ಳುತ್ತಾರೆ. ಎಂಜಿನ್ನು ಪೂರ್ತಿ ವೇಗದಲ್ಲಿ ಓಡುವಾಗ ಅದರ ಎಚ್‌ಪಿಯ ಹತ್ತನೇ ಒಂದು ಭಾಗದಷ್ಟು ಗ್ಯಾಲನ್ ಪೆಟ್ರೋಲನ್ನು ಗಂಟೆಗೆ ಕುಡಿಯುತ್ತದೆ ಎಂಬುದು ರೂಢಿಯ ಅಂದಾಜು. 90ಕ್ಕೆ 9 ಗ್ಯಾಲನ್, ಅಂದರೆ 34 ಲೀಟರು. 150ಕ್ಕೆ 57 ಲೀಟರು. ಮೆಲ್ಲಗೆ ಹೋದರೆ ಇದರ ಸಣ್ಣ ಪಾಲು ಸಾಕು.

ಇನ್ನು ಎಳೆದೊಯ್ಯುವ ಗಾಡಿ. ಸರೋವರದ ದಡದಲ್ಲೇ ಮನೆಯಿಲ್ಲದವರು ದೋಣಿಯನ್ನು ಟ್ರೇಲರ್ ಮೇಲೆ ಕೊಂಡೊಯ್ಯಬೇಕು. ಟ್ರೇಲರ್ ಸಮೇತ ಸಣ್ಣ ದೋಣಿ ಸುಮಾರು 1,400 ಕೆ.ಜಿ. ನಮ್ಮವರ ಮನೆ ಮುಂದೆ ಸಾಮಾನ್ಯವಾಗಿ ಕಾಣುವ ಟೊಯೋಟ ಸಿಯೆನ್ನಾ ವ್ಯಾನು ಎಳೆಯಬಲ್ಲದ್ದು 3,500 ಪೌಂಡು, ಅಂದರೆ 1,590 ಕೆ.ಜಿ. ಅಂಚಿನಲ್ಲಿ ದಾಟಿತು. ಎರಡು ಅಚ್ಚಿನ ಟ್ರೇಲರ್ ಮೇಲೆ ಕೂತ ಟ್ರೈಟೂನ್ ಎರಡು ಟನ್ ಮೀರುತ್ತದೆ. ಅದಕ್ಕೆ ದೊಡ್ಡ ಪಿಕಪ್ ಬೇಕು. ದೋಣಿಯ ಜೊತೆ ಗಾಡಿಯನ್ನೂ ಕೊಂಡಂತಾಯಿತು.

ಮಿನೆಸೋಟದ ಸರೋವರಗಳು ಚಳಿಗಾಲದಲ್ಲಿ ಕಲ್ಲಾಗುತ್ತವೆ. ದೋಣಿಯನ್ನು ಮೇಲೆ ಎತ್ತಿ, ಎಂಜಿನ್ನಿನ ನೀರು ಬಸಿದು, ಪ್ಲಾಸ್ಟಿಕ್ ಹೊದಿಸಿ, ಯಾರದೋ ಶೆಡ್ಡಿನಲ್ಲಿ ವಸಂತದವರೆಗೆ ಇಡಬೇಕು. ಬಾಡಿಗೆ ಬಹುಪಾಲು ಅಡಿಯ ಲೆಕ್ಕದಲ್ಲಿ. ನೆಮ್ಮದಿಯಾಗಿ ಬಳಸಲು ಸಿಗುವುದು ಮೇ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ, ಅದರಲ್ಲೂ ಮಳೆಯಿಲ್ಲದ ವಾರಾಂತ್ಯಗಳು. ಬಾಡಿಗೆ ದೋಣಿಯೇ ಲೇಸು ಎನ್ನುವವರ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಗೇಟಿನ ಒಳಗೇ

ಅಲೆಯ ಮಾತು ಬಿಟ್ಟರೆ ಸುರಕ್ಷತೆಯಲ್ಲಿ ಎರಡೂ ದೋಣಿ ಒಂದೇ. ಅಪಾಯ ಬರುವುದು ಕೂರುವ ಜಾಗದಿಂದ. ಮುಂದಿನ ಗೇಟಿನ ಆಚೆ ಒಂದೂವರೆ ಎರಡು ಅಡಿಯ ಹಲಗೆ ಚಾಚಿರುತ್ತದೆ. ಅಲ್ಲಿ ಕೂತು ಕಾಲು ಇಳಿಬಿಟ್ಟರೆ ನೀರು ಪಾದಕ್ಕೆ ತಾಕುತ್ತದೆ, ಮಕ್ಕಳಿಗೆ ಸ್ವರ್ಗ. ದೋಣಿ ಓಡುತ್ತಿರುವಾಗ ಅಲ್ಲಿಂದ ಜಾರಿದರೆ ದೇಹ ಎರಡು ಕೊಳವೆಗಳ ನಡುವಿನ ದಾರಿಯಲ್ಲಿ ನೇರ ಹಿಂದಿನ ಪ್ರೊಪೆಲ್ಲರಿಗೆ ಹೋಗುತ್ತದೆ. ಚಾಲಕ ತಿಳಿದು ಎಂಜಿನ್ ಆರಿಸುವಷ್ಟು ಸಮಯ ಇರುವುದಿಲ್ಲ. ಎಂಜಿನ್ ಚಾಲೂ ಇರುವಾಗ ಗೇಟಿನ ಆಚೆ ಯಾರೂ ಇಲ್ಲ ಎಂಬ ನಿಯಮಕ್ಕೆ ವಿನಾಯಿತಿ ಕೊಡಬೇಡಿ, ಬಂದ ಅತಿಥಿ ಬೇಸರಪಟ್ಟರೂ ಸರಿ.

ಚಾಲಕನೇ ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲಲು ಅವನ ಮೈಗೂ ಸ್ವಿಚ್ಚಿಗೂ ಒಂದು ದಾರ ಇರುತ್ತದೆ. 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ಅದನ್ನು ಕಟ್ಟಿಕೊಳ್ಳುವುದು 2021ರ ಏಪ್ರಿಲ್‌ನಿಂದ ಅಮೆರಿಕದ ಕಾನೂನು. ಮಿನೆಸೋಟದಲ್ಲಿ ದೋಣಿ ಸಾಗುತ್ತಿರುವಾಗ 10 ವರ್ಷದೊಳಗಿನ ಮಕ್ಕಳು ಲೈಫ್‌ಜಾಕೆಟ್ ಧರಿಸಿಯೇ ಇರಬೇಕು. ಉಳಿದವರಿಗೆ ತಲೆಗೊಂದು ದೋಣಿಯಲ್ಲಿ ಇರಬೇಕು. ಈಜು ಬಾರದ ಹಿರಿಯರಿಗೆ ಕಾನೂನು ಹೇಳದಿದ್ದರೂ ಹಾಕಿಸಿ. ಸೀರೆಯ ಮೇಲೂ ಅದು ಕೂರುತ್ತದೆ.

ಚಾಲಕನ ಜಾಗದ ಹತ್ತಿರ ಇರುವ ಸಾಮರ್ಥ್ಯದ ಫಲಕವನ್ನೂ ಒಮ್ಮೆ ಓದಿ. ಜನರ ಸಂಖ್ಯೆಯ ಜೊತೆಗೆ ಒಟ್ಟು ತೂಕವೂ ಅಲ್ಲಿರುತ್ತದೆ. ‘ಚಿಕ್ಕ ಮಗು ತಾನೇ, ಇನ್ನೊಬ್ಬರು ಹತ್ತಲಿ’ ಎನ್ನುವ ನಮ್ಮ ಬಸ್ಸಿನ ಅಭ್ಯಾಸ ನೀರಿಗೆ ಹೊಂದುವುದಿಲ್ಲ. ನೆಂಟರಿಷ್ಟರು ಸೇರಿ ಯಾವಾಗಲೂ ಹನ್ನೆರಡು ಜನ ಎನ್ನುವ ಮನೆಗೆ 20 ಅಡಿಯದು ಮೊದಲೇ ಚಿಕ್ಕದು.

ಮೇಲೆತ್ತಿದ ಮೇಲೆ

ಸರೋವರದಿಂದ ಸರೋವರಕ್ಕೆ ದೋಣಿ ಒಯ್ಯುವವರಿಗೆ ಇನ್ನೊಂದು ಕಟ್ಟುನಿಟ್ಟಿದೆ. ಬೆರಳ ಉಗುರಿನಷ್ಟು ಗಾತ್ರದ ಜೀಬ್ರಾ ಮಸೆಲ್ ಎಂಬ ಪಟ್ಟೆಪಟ್ಟೆ ಚಿಪ್ಪುಜೀವಿ ಯುರೋಪಿನ ಕಡೆಯ ಹಡಗುಗಳ ನೀರಿನ ಮೂಲಕ ಬಂದು 1980ರ ದಶಕದ ಕೊನೆಗೆ ಅಮೆರಿಕದ ಮಹಾಸರೋವರಗಳಲ್ಲಿ ಕಾಣಿಸಿಕೊಂಡಿತು. 2010ರಲ್ಲಿ ಮಿನೆಟೊಂಕಕ್ಕೂ ತಲುಪಿತು. ಕೊಳವೆಗಳಿಗೆ ಪದರಪದರವಾಗಿ ಅಂಟಿಕೊಳ್ಳುತ್ತದೆ, ಎಂಜಿನ್ನಿನ ನೀರುದಾರಿ ಕಟ್ಟುತ್ತದೆ, ಬರಿಗಾಲಿನ ಮಕ್ಕಳ ಪಾದ ಕೊಯ್ಯುತ್ತದೆ. ಹಾಗಾಗಿ ದೋಣಿ ಮೇಲೆತ್ತಿದೊಡನೆ ಕಳೆ ಕಿತ್ತು, ನೀರು ಬಸಿದು, ಬಿರಡೆ ತೆಗೆದೇ ರಸ್ತೆಗಿಳಿಯಬೇಕು. ಮೂರು ಕೊಳವೆ ಎಂದರೆ ಉಜ್ಜುವ ಕೆಲಸ ಒಂದೂವರೆ ಪಟ್ಟು, ಅದರಲ್ಲೂ ನಡುವಿನದಕ್ಕೆ ನೆಲದ ಮೇಲೆ ಮಲಗಿಯೇ ಕೈ ಚಾಚಬೇಕು.

ಹಣ ಕೊಡುವ ಮುಂಚೆ

ನನ್ನನ್ನು ಕೇಳಿದರೆ, ಸಣ್ಣ ಅಥವಾ ಮಧ್ಯಮ ಸರೋವರ, ಆರೇಳು ಜನ, ಹತ್ತರೊಳಗಿನ ಮಕ್ಕಳು, ಜೊತೆಗೆ ಅಜ್ಜ ಅಜ್ಜಿ ಎನ್ನುವ ಮನೆಗೆ ಎರಡು ಕೊಳವೆಯದೇ ಸರಿ. ಆದರೆ ಕೊಳವೆ 25 ಇಂಚಿನದಿರಲಿ. ಎಂಜಿನ್ನು ಫಲಕದಲ್ಲಿ ಹೇಳಿದ ಗರಿಷ್ಠಕ್ಕೆ ಹತ್ತಿರವಿರಲಿ. ಬೆಲೆ ಇಳಿಸಲು ಅಂಗಡಿಯವರು 40 ಎಚ್‌ಪಿ ಕಟ್ಟಿ ನಿಲ್ಲಿಸಿದ ದೋಣಿಗಳು ಭಾರ ಬಿದ್ದಾಗ, ಎದುರುಗಾಳಿಯಲ್ಲಿ ಅಳುತ್ತವೆ. ಉಳಿದ ಹಣದಲ್ಲಿ ಒಳ್ಳೆಯ ಏಣಿ, ಎರಡನೇ ಚಪ್ಪರ, ಮೈಗೆ ಸರಿಹೊಂದುವ ಲೈಫ್‌ಜಾಕೆಟ್ಟುಗಳು. ಮಿಲ್ ಲ್ಯಾಕ್ಸ್‌ನಂಥ ಬಯಲು ನೀರು, ಹತ್ತು ಹನ್ನೆರಡು ಜನ, ಸ್ಕೀಯಿಂಗಿಗೆ ಹಾತೊರೆಯುವ ಹುಡುಗರು ಇದ್ದಲ್ಲಿ ಟ್ರೈಟೂನ್‌ಗೆ ಹಾಕಿದ ಹಣ ದಂಡವಲ್ಲ.

ಎರಡರಲ್ಲಿ ಯಾವುದೇ ಇರಲಿ, ಮೊದಲು ಒಂದೊಂದು ವಾರಾಂತ್ಯ ಎರಡೂ ಬಗೆಯನ್ನು ಬಾಡಿಗೆಗೆ ಪಡೆದು, ನಿಮ್ಮ ನೀರಿನಲ್ಲಿ, ನಿಮ್ಮದೇ ಜನರನ್ನು ಕೂರಿಸಿಕೊಂಡು ಹೋಗಿ ಬನ್ನಿ. ಬೆಳಿಗ್ಗೆ ಬೇಡ, ಗಾಳಿ ಏಳುವ ಮಧ್ಯಾಹ್ನ. ಮಿನಿಯಾಪೊಲಿಸ್‌ನಲ್ಲಿ ದೋಣಿ ಮೇಳ ನಡೆಯುವುದು ಜನವರಿಯಲ್ಲಿ; ಹೊರಗೆ ಹಿಮ, ಒಳಗೆ ಕಾರ್ಪೆಟ್ ಮೇಲೆ ಥಳಥಳಿಸುವ ದೋಣಿಗಳು, ಇವತ್ತೇ ಬುಕ್ ಮಾಡಿದರೆ ರಿಯಾಯಿತಿ ಎಂಬ ಒತ್ತಾಯ. ಮುಂಗಡ ಕೊಡುವುದೇ ಆದರೆ, ಮಂಜು ಕರಗಿದ ಮೇಲೆ ಪೂರ್ತಿ ಭಾರ ಹೇರಿ ಸರೋವರದಲ್ಲಿ ಓಡಿಸಿ ನೋಡುವವರೆಗೆ ಉಳಿದ ಹಣ ಕೊಡುವುದಿಲ್ಲ, ಒಗ್ಗದಿದ್ದರೆ ಮುಂಗಡ ವಾಪಸು ಎಂದು ಕಾಗದದಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದ ಅಂಗಡಿಯಾದರೆ ಪಕ್ಕದ ಮಳಿಗೆಗೆ ಹೋಗಿ. ಅಂಥ ಮೇಳದಲ್ಲಿ ಪಾಂಟೂನ್ ಮಾರುವವರು ಒಬ್ಬರೇ ಇರುವುದಿಲ್ಲ.